ಮುಂದೆ ಜಾಗ ಇದೆ

ಬಾಗಿಲ ಪಕ್ಕದ ಹಲಗೆಗೆ ನಾಲ್ಕು ಗುಂಡುಪಿನ್ನು ಚುಚ್ಚಿ
ಅಯ್ಯನವರು ಹಾಳೆ ಹಚ್ಚಿದರು: ಸೇವೆಗೆ ಹೆಸರು ಕೊಡಿ.
ಗಾಯನ ವೃಂದ. ಸಂಡೇ ಸ್ಕೂಲು. ಸ್ತ್ರೀಯರ ಅನ್ಯೋನ್ಯ ಕೂಟ.
ಕೊಯ್ಲಿನ ಹಬ್ಬದ ಹರಾಜು. ಆಸ್ಪತ್ರೆ ಭೇಟಿ.
ಆರಾಧನೆ ಮುಗಿದ ಮೇಲಿನ ಚಹಾ.

ನನಗೆ ಹಾಡು ಬರದು.
ಮೂವತ್ತೊಂದು ವರ್ಷ ಸೀಟಿ ಊದಿದ ಬಾಯಿ.
ಮಕ್ಕಳಿಗೆ ಕಲಿಸೋಣವೆಂದರೆ
ಹನ್ನೆರಡು ಶಿಷ್ಯರ ಹೆಸರು ಏಳಕ್ಕೇ ನಿಲ್ಲುತ್ತದೆ;
ಗಾಜನೂರು, ಸಕ್ರೆಬೈಲು, ಮಂಡಗದ್ದೆ, ತೀರ್ಥಹಳ್ಳಿ,
ಮೇಗರವಳ್ಳಿ, ಆಗುಂಬೆ
ನಿದ್ದೆಯಲ್ಲೂ ತಪ್ಪುವುದಿಲ್ಲ.

ಪೆನ್ನು ಹಿಡಿದು ನಿಂತೇ ಇದ್ದವನನ್ನು ನೋಡಿ
ಖಜಾಂಚಿ ಬೆನ್ಯಾಮೀನಪ್ಪ ಅಂದರು:
"ನೀವು ಬಾಗಿಲಲ್ಲಿ ನಿಲ್ಲಿ ಮಾರಾಯ್ರೇ,
ಕೀರ್ತನೆ ಪುಸ್ತಕ ಕೊಡಿ, ಕಾಣಿಕೆ ತಟ್ಟೆ ಹಿಡೀರಿ.
ಚಿಲ್ಲರೆ ಕೊಡೋ ತಾಪತ್ರಯ ಇಲ್ಲ."

ಮೊದಲ ಭಾನುವಾರ
ಜನವೆಲ್ಲ ಹಿಂದಿನ ಬೆಂಚಿಗೆ ಅಂಟಿಕೊಂಡಿದ್ದರು,
ಮುಂದೆ ಆರು ಬೆಂಚು ಖಾಲಿ.
ಪಾಪನಿವೇದನೆಗೆ ಮುಂಚಿನ ಆ ಮೌನದಲ್ಲಿ
ನನ್ನ ಗಂಟಲು ನನ್ನನ್ನು ಕೇಳಲಿಲ್ಲ:
"ಮುಂದೆ ಜಾಗ ಇದೆ! ಒಳಗ್ ಹೋಗಿ, ಒಳಗ್ ಹೋಗಿ!"

ಮಕ್ಕಳು ಕಿಸಕ್ಕೆಂದವು.
ಅಯ್ಯನವರು ಪುಸ್ತಕದ ಹಿಂದೆ ಮುಖ ಮರೆಸಿದರು.
ಆದರೆ ಜನ ಎದ್ದರು,
ಚೀಲ ಎತ್ತಿಕೊಂಡು, ಸೆರಗು ಸರಿಮಾಡಿಕೊಂಡು
ನಿಜಕ್ಕೂ ಮುಂದೆ ಹೋದರು.

ತಲೆ ಎಣಿಸದೆ ರೈಟ್ ಹೇಳಿದವನಲ್ಲ ನಾನು.
ಎಪ್ಪತ್ತೆರಡು ಪುಸ್ತಕ. ಒಂದು ವಾರ ಒಂದು ಉಳಿಯಿತು.
ಬಿಡಿಸಿ ನೋಡಿದೆ, ಅಂಚಿನ ತುಂಬ ಪೆನ್ಸಿಲು:
ಇಲ್ಲಿ ಉಸಿರು. ಇಲ್ಲಿ ಬೇಡ. ಇಲ್ಲಿ ಉಸಿರು.
ಸುಗುಣವತಿ ಟೀಚರದು,
ಎಡಗಡೆ ಮೂರನೆಯ ಬೆಂಚು, ಕಿಟಕಿ ಪಕ್ಕ.
ಚಹಾ ಲೋಟದ ಸುತ್ತ ವಿಚಾರಿಸಿದೆ.
"ಊರಿಗೆ ಹೋಗಿರ್ಬೇಕು" ಎಂದು ಮೂವರು
ಮೂರು ಊರು ಹೇಳಿದರು.

ಅವರು ಇದ್ದದ್ದು ಮೆಗ್ಗಾನ್ ಆಸ್ಪತ್ರೆಯಲ್ಲಿ,
ಹೆಂಗಸರ ವಾರ್ಡು, ಗೋಡೆ ಬದಿ,
ಬಚ್ಚಲಲ್ಲಿ ಜಾರಿ ಸೊಂಟ ಮುರಿದು.
ಸ್ಟೂಲಿನ ಮೇಲೆ ಕೂತೆ. ಪ್ರಾರ್ಥನೆ ಬಾಯಿಗೆ ಬರಲಿಲ್ಲ.
ಬಂದದ್ದು "ಎಲ್ಲಿಗೆ?"
ಪುಣ್ಯಕ್ಕೆ ನುಂಗಿದೆ.

"ನನ್ ಜಾಗದಲ್ಲಿ ಯಾರ್ ಕೂತಿದಾರೆ?"
"ಯಾರೂ ಇಲ್ಲ ಟೀಚರ್."
ದಿಂಬಿನಡಿ ತಡಕಾಡಿ ಕರವಸ್ತ್ರ ತೆಗೆದರು,
ಮೂಲೆಯಲ್ಲಿ ನೀಲಿ ದಾರದ ಒಂದು 'ಸು'.
"ಹಾಕಿಡಿ" ಎಂದರು.

ಟವೆಲು ಹಾಕಿದರೆ ಸೀಟು ನಿಮ್ಮಪ್ಪಂದಾಗುತ್ತೇನ್ರೀ ಎಂದು
ಊರೂರ ಬಸ್ ಸ್ಟ್ಯಾಂಡಿನಲ್ಲಿ ಜಗಳಾಡಿದವನು ನಾನು.
ಕಿಟಕಿಯೊಳಗಿಂದ ಬಂದು ಬಿದ್ದ ಟವೆಲು, ಕೊಡೆ,
ಕಾಲು ಕಟ್ಟಿದ ಕೋಳಿ, ಒಮ್ಮೆ ಅಳುವ ಕೂಸು,
ಎಲ್ಲವನ್ನೂ ಎತ್ತಿ ವಾಪಸು ಕೊಟ್ಟವನು.

ಹೊರಡುವಾಗ ಪಕ್ಕದ ಮಂಚದ ಮುದುಕಿ ಕರೆದಳು,
ಬುರ್ಖಾದ ತುದಿಯಲ್ಲಿ ಕಣ್ಣೊರೆಸಿಕೊಂಡು:
"ನಮ್ಮವ್ರು ಕೆಳಗೆ ಇದಾರಾ ನೋಡ್ತೀರಾ?"
ನೋಡಿದೆ. ಇದ್ದರು, ಔಷಧಿ ಕ್ಯೂನಲ್ಲಿ.
ಮೇಲೆ ಬಂದು ಹೇಳಿದೆ.
ಆಮೇಲೆ ಹಲಗೆಯ ಹಾಳೆಯಲ್ಲಿ
'ಆಸ್ಪತ್ರೆ ಭೇಟಿ'ಯ ಕೆಳಗೆ ಹೆಸರು ಬರೆದೆ,
ಇಷ್ಟಾದರೆ ನನಗೂ ಬರುತ್ತದೆ ಎಂದುಕೊಂಡು.

ಭಾನುವಾರ ಎಲ್ಲರಿಗಿಂತ ಮೊದಲು ಹೋಗಿ
ಮೂರನೆಯ ಬೆಂಚಿನ ಮೇಲೆ ಕರವಸ್ತ್ರ ಹಾಸಿದೆ.
ಕದ್ದವನ ಹಾಗೆ ಆಚೀಚೆ ನೋಡಿದೆ.

ನಾಲ್ಕನೆಯ ವಾರ, ಕೊಪ್ಪದ ಕಡೆಯ ಹುಡುಗಿ,
ನೈಟ್ ಡ್ಯೂಟಿ ಮುಗಿಸಿ ಬಂದ ನರ್ಸಿಂಗ್ ವಿದ್ಯಾರ್ಥಿನಿ,
ಕಣ್ಣು ಕೆಂಪು, ಹೊಸಬಳು,
ತಡವಾಗಿದೆ, ಬೇರೆಲ್ಲೂ ಸೀಟಿಲ್ಲ
(ಈಗೀಗ ಮುಂದೆಯೂ ತುಂಬುತ್ತದೆ).
"ಅಂಕಲ್, ಇಲ್ಲಿ ಯಾರಾದ್ರೂ ಬರ್ತಾರಾ?"

ಗಾಯನ ವೃಂದ ಎದ್ದಾಗಿತ್ತು.
ಹಾರ್ಮೋನಿಯಂ ಗಾಳಿ ತುಂಬಿಕೊಳ್ಳುತ್ತಿತ್ತು.
ನನ್ನ ಕೈಯಲ್ಲಿ ಉಳಿದದ್ದು ಪೆನ್ಸಿಲಿನ ಪುಸ್ತಕ ಒಂದೇ.

"ಬರ್ತಾರೆ" ಎಂದೆ, ಪುಸ್ತಕ ಕೊಟ್ಟೆ.
"ಸ್ವಲ್ಪ ಸರಿದು ಕೂತ್ಕೋ."