ಪ್ರಶ್ನೆ ಆರು

ವಿಜಯಪುರ. ಏಪ್ರಿಲ್ ಮಧ್ಯಾಹ್ನ.
ಮೌಲ್ಯಮಾಪನ ಕೇಂದ್ರದ ಕೂಲರಿನಲ್ಲಿ ನೀರು ಮುಗಿದು
ಬರೀ ಸದ್ದು ಉಳಿದಿದೆ.
ನಲವತ್ತನೆಯ ಉತ್ತರ ಪತ್ರಿಕೆ:
ಹೆಸರಿಲ್ಲ, ಊರಿಲ್ಲ, ಸಂಕೇತ ಸಂಖ್ಯೆ ಮಾತ್ರ.
ಎಂಟನೆಯ ಪುಟ ಒಂಬತ್ತಕ್ಕೆ ಅಂಟಿಕೊಂಡಿತ್ತು,
ಸ್ಕೇಲು ತೂರಿಸಿ ಬಿಡಿಸಿದೆ.
ಬೆರಳಿಗೆ ಜಿಗಟು. ಮೂಸಿದರೆ, ಸಿಹಿ.

ಜಾಗತೀಕರಣದ ಪರಿಣಾಮಗಳನ್ನು ವಿವರಿಸಿ.
ಮಾದರಿ ಉತ್ತರ ಎಡಗಡೆ, ನೀರಿನ ಬಾಟಲಿಯ ಕೆಳಗೆ:
ಅರ್ಥಕ್ಕೆ ಎರಡು, ಅನುಕೂಲಕ್ಕೆ ನಾಲ್ಕು,
ಅನಾನುಕೂಲಕ್ಕೆ ಮೂರು, ಉಪಸಂಹಾರಕ್ಕೆ ಒಂದು.
ಮೂವತ್ತೊಂಬತ್ತು ಮಂದಿ ಒಂದೇ ಗೈಡಿನಿಂದ ಎತ್ತಿ ಬರೆದಿದ್ದಾರೆ,
ಜಗತ್ತು ಒಂದು ಹಳ್ಳಿಯಾಗಿದೆ ಎಂದು.
ಈ ಹುಡುಗಿ ಬರೆಯುತ್ತಾಳೆ:

‘ಜಗತ್ತೇ ಒಂದು ಹಳ್ಳಿ ಎಂದು ಪಾಠದಲ್ಲಿ ಇದೆ.
ಆ ಹಳ್ಳಿಯಲ್ಲಿ ನಮ್ಮ ಓಣಿ ಯಾವುದು ಎಂದು ಇಲ್ಲ.
ನಮ್ಮದು ತಿಕೋಟಾ ಕಡೆ. ಮಣೂಕದ ಶೆಡ್ಡುಗಳಿವೆ.
ಕಾಲೇಜು ಇಲ್ಲದ ದಿನ ತೊಟ್ಟು ಮುರಿಯಲು ಹೋಗುತ್ತೇನೆ, ಕಿಲೋ ಲೆಕ್ಕ.
ದ್ರಾಕ್ಷಿಯ ಹೆಸರು ಥಾಮ್ಸನ್. ಅವ ಯಾವ ಊರಾವೋ,
ನಮ್ಮ ಕಡೆ ದಿನಕ್ಕ ನೂರು ಸಲ ಅವನ ಹೆಸರು ಹಿಡೀತಾರ.
ಹಣ್ಣು ಅದ್ದೋ ಎಣ್ಣಿ ಮೊದಲ ಹಡಗಿನ್ಯಾಗ ಬರತಿತ್ತಂತ.
ಬಣ್ಣ ಬರಲಿ ಅಂತ ಗಂಧಕದ ಹೊಗಿ ಹಾಕತಾರ.
ಹಸರ ಮಾಲು ಒಂದು ಕಡೆ, ಹಳದಿ ಒಂದು ಕಡೆ,
ಕರಗ ಆದದ್ದು ಉಡಿಗೆ.’

(ನಾಲ್ಕನೆಯ ಸಾಲಿಗೇ ಪುಸ್ತಕದ ಕನ್ನಡ ಚಪ್ಪಲಿ ಬಿಟ್ಟಿತ್ತು.
ಅವಳಿಗೆ ಗೊತ್ತಾಗಲಿಲ್ಲ. ನಾನು ಗೆರೆ ಎಳೆಯಲಿಲ್ಲ.)

‘ಮಾಲನಬಿ ಚಿಗವ್ವ ಸಾಲಿ ಕಲಿತಿಲ್ಲ.
ಕಣ್ಣು ಮುಚ್ಚಿ ಮುಟ್ಟಿ, ಎಷ್ಟು ದಿನ ಒಣಗಿದ್ದು ಹೇಳತಾಳ.
ಹೋದ ವರ್ಷ ಶೆಡ್ಡಿಗೆ ಒಂದು ಡಬ್ಬಿ ಬಂತು, ಅಫ್ಘಾನಿಸ್ತಾನದ್ದು, ಸ್ಯಾಂಪಲ್.
ಇದರಿಂದಾನ ರೇಟು ಬಿತ್ತು ಅಂತ ಮಾಲೀಕರು ಬೈದರು.
ನಮ್ಮ ಕೂಲಿನೂ ಕಿಲೋಕ್ಕ ಒಂದು ರೂಪಾಯಿ ಬಿತ್ತು.
ಎಲ್ಲಾರೂ ಡಬ್ಬಿ ನೋಡಿ ಬೈದಿವಿ, ನಾನೂ ಬೈದೆ.
ಚಿಗವ್ವ ಒಂದು ಕಾಳು ತಗೊಂಡು ತಿರುವಿ ನೋಡಿದಳು.
“ತೊಟ್ಟು ಛಲೋ ಮುರದಾರ” ಅಂದಳು.
“ಹೆಂಗಸರ ಕೈ. ಅವರಿಗೂ ಉಗುರಿನ ಸಂದ್ಯಾಗ ಉರೀತಿರಬೇಕು.”

ಇದು ಅನುಕೂಲವೋ ಅನಾನುಕೂಲವೋ ತಿಳಿಯಲಿಲ್ಲ,
ಆದ್ದರಿಂದ ನಡುವೆ ಬರೆದಿದ್ದೇನೆ. ತಪ್ಪಿದ್ದರೆ ಕ್ಷಮಿಸಿ.’

ಹೊನವಾಡ ಸರ್ ಹೆಗಲ ಮೇಲಿಂದ ಇಣುಕಿದರು.
‘ಪಾಯಿಂಟೇ ಇಲ್ಲಲ್ಲ ಮೇಡಂ. ಮೂರು ಹಾಕಿ ಮುಂದ ಹೋಗ್ರಿ,
ಇನ್ನೂ ಒಂದು ಬಂಡಲ್ ಐತಿ.’
ನಾನು ಅತಿಥಿ ಉಪನ್ಯಾಸಕಿ. ಹನ್ನೊಂದು ವರ್ಷದ ಅತಿಥಿ.
ಪಾಠ ಗಂಟೆ ಲೆಕ್ಕ, ಪತ್ರಿಕೆ ತಲಾ ಲೆಕ್ಕ.
ಈ ಅಧ್ಯಾಯವನ್ನು ಹನ್ನೊಂದು ಸಲ ಓದಿ ಹೇಳಿದ್ದೇನೆ,
ಮೇಜಿನ ಮೇಲಿನ ಡಬ್ಬಿಯಲ್ಲಿ ಶಿರಾದೊಳಗೆ ಊದಿ ಕೂತ ದ್ರಾಕ್ಷಿಗೆ
ಒಮ್ಮೆಯೂ ತೊಟ್ಟು ಯಾಕಿಲ್ಲ ಅಂತ ಕೇಳಿಲ್ಲ.

ಕೂಲಿ ಬಿದ್ದದ್ದಕ್ಕೆ ಮೂರಕ್ಕೆ ಮೂರು, ಇದರಲ್ಲಿ ತಕರಾರಿಲ್ಲ.
ಅನುಕೂಲ ಹುಡುಕಿದೆ. ಮತ್ತೊಮ್ಮೆ ಓದಿದೆ. ಸಿಗಲಿಲ್ಲ.
ಅರ್ಥಕ್ಕೆ ಎರಡು:
ಚಿಗವ್ವನ ಮಾತಿನ ಪಕ್ಕ ಕೆಂಪು ಪೆನ್ನಿನಲ್ಲಿ ಗುರುತು ಹಾಕಿದೆ,
ಎರಡಕ್ಕೆ ಎರಡು.
ಉಪಸಂಹಾರ ಇಲ್ಲ; ಕ್ಷಮೆ ಇದೆ. ಒಂದು.
ಒಟ್ಟು ಆರು. ಅಕ್ಷರದಲ್ಲಿ: ಆರು.
ಸರ್ ನೋಡಿದರು. ಏನೂ ಅನ್ನಲಿಲ್ಲ,
ನೀರು ಹಾಕಿಸಲು ಕೂಲರಿನ ಕಡೆ ಹೋದರು.

ನಲವತ್ತೊಂದನೆಯದು ತೆರೆದೆ.
ಜಗತ್ತು ಒಂದು ಹಳ್ಳಿಯಾಗಿದೆ,
ದುಂಡಗಿನ ಅಕ್ಷರ, ಕೆಳಗೆ ಎರಡು ಗೆರೆ.
ಹಾಳೆ ತಿರುವಲು ಹೋದರೆ ಬೆರಳು ಬಿಡಲೊಲ್ಲದು,
ಹಳ್ಳಿಯ ಮೇಲೊಂದು ಕಂದು ಕಲೆ.
ಒರೆಸಿದಷ್ಟೂ ಹರಡಿತು.