ನಿಯಂತ್ರಣ ಗುಂಪು

ಬಳ್ಳಾರಿಯ ಬಂಡಿಹಟ್ಟಿ, ಬುಧವಾರ, ಮಧ್ಯಾಹ್ನ ಮೂರು.
ಶೆಡ್ಡಿನ ತಗಡು ಕಾದು ಟಿಕ್ ಟಿಕ್ ಅನ್ನುತ್ತಿದೆ.
ಗೋಡೆಗೆ ಒರಗಿದ ನೀಲಿ ಪ್ಯಾಂಟಿನ ಗುಡ್ಡ,
ಅದರ ಹಿಂದೆ ಎರ್ರೆಮ್ಮ, ಕೈಯಲ್ಲಿ ಸಣ್ಣ ಕತ್ತರಿ.
ಹೊಲಿಗೆ ಬಿಟ್ಟ ದಾರ ಕತ್ತರಿಸಿದರೆ
ಪ್ಯಾಂಟಿಗೆ ಎಂಬತ್ತು ಪೈಸೆ.
ಉಗುರಿನ ಸಂದಿಗೆ ಇಳಿದ ನೀಲಿ
ಹಬ್ಬಕ್ಕೂ ಹೋಗುವುದಿಲ್ಲ.

ನನ್ನ ಕೊರಳಲ್ಲಿ ಗುರುತಿನ ಚೀಟಿ: ಕ್ಷೇತ್ರ ಸಹಾಯಕಿ.
ಚೀಲದಲ್ಲಿ ಇಪ್ಪತ್ತೆರಡು ಪ್ರಶ್ನೆ,
ಒಂದೊಂದಕ್ಕೂ ಐದು ಖಾನೆ.
ರೆಸಿಲಿಯನ್ಸ್ ಅನ್ನುವುದಕ್ಕೆ ಕನ್ನಡದಲ್ಲಿ ಏನೆಂದು
ಎರಡು ದಿನ ಕೂತಿದ್ದೆವು, ಎಸಿ ಕೋಣೆಯಲ್ಲಿ.
ಸ್ಥಿತಿಸ್ಥಾಪಕತೆ ಎಂದರೆ ರಬ್ಬರಿನ ಪಾಠ,
ಪುಟಿದೇಳುವಿಕೆ ಎಂದರೆ ಚೆಂಡು,
ತಾಳಿಕೆ ಎಂದರೆ... ಬೇಡ ಎಂದರು ಪ್ರೊಫೆಸರ್,
ಅದು ಇವರಿಗೆ ಮೊದಲೇ ಅತಿಯಾಗಿದೆ.
ಕೊನೆಗೆ 'ಮನೋಬಲ' ಎಂದು ಅಚ್ಚಾಯಿತು.
ಮಾಬುನ್ನಿ ಓದಿ ಕೇಳಿದಳು:
"ಇದು ಟಾನಿಕ್ಕೇನ್ರೀ?"

ಮೊದಲ ದಿನ ಸ್ಟೀಲ್ ಡಬ್ಬಿಯಲ್ಲಿ ಚೀಟಿ ಕುಲುಕಿದ್ದೆ.
ಕೆಂಪು ಬಂದವರಿಗೆ ಅಂಗನವಾಡಿಯಲ್ಲಿ ಎಂಟು ವಾರದ ತರಗತಿ:
ಉಸಿರು ಎಣಿಸುವುದು, ಸಿಟ್ಟಿಗೆ ಹೆಸರಿಡುವುದು,
ಕಷ್ಟದಲ್ಲಿ ಕೈ ಹಿಡಿದವರ ಚಿತ್ರ ಬರೆಯುವುದು,
ಚಹಾ, ಎರಡು ಬಿಸ್ಕತ್ತು.
ಬಿಳಿ ಬಂದವರಿಗೆ ಏನೂ ಇಲ್ಲ. ಬರೀ ಪ್ರಶ್ನೆ.
ಬಿಳಿ ಇಲ್ಲದೆ ಕೆಂಪನ್ನು ಅಳೆಯಲಾಗದು,
ತಕ್ಕಡಿಯ ಇನ್ನೊಂದು ತಟ್ಟೆ ಅದು, ಎಂದು ವಿವರಿಸಿದೆ.
ಎರ್ರೆಮ್ಮ ಬಿಳಿ ಚೀಟಿಯ ಹಿಂದುಮುಂದು ನೋಡಿ
ಮಡಿಚಿ ಕುಪ್ಪಸದೊಳಗೆ ಇಟ್ಟುಕೊಂಡಳು.
"ರೇಷನ್ನೂ ಹಿಂಗೇ ಬರೋದು, ಇರ್ಲಿ."

ಒಂಬತ್ತನೇ ಪ್ರಶ್ನೆ: ಬಿದ್ದಾಗ ನಾನು ಬೇಗ ಏಳುತ್ತೇನೆ.
"ಯಾವ ಬೀಳೋದ್ರೀ? ಮೆಟ್ಟಿಲದಾಗಾ?"
ಮನಸ್ಸು, ಎಂದೆ.
ಕತ್ತರಿ ನಿಂತಿತು.
"ನಮ್ ಸಣ್ಣಾಕಿ ಜ್ವರದಾಗ ಹೋದ್ಲು, ಸೋಮವಾರ.
ಗುರುವಾರ ಲಾಟ್ ಕೊಡಬೇಕಿತ್ತು. ಕೊಟ್ಟೆ.
ಅದಕ್ಕ ಎಷ್ಟು ಬರೀತೀರಿ?"
ಐದು ಅನ್ನಬೇಕೋ ಒಂದು ಅನ್ನಬೇಕೋ
ಕೈಪಿಡಿಯಲ್ಲಿ ಇರಲಿಲ್ಲ.
ಪೆನ್ಸಿಲ್ ಮೂರರ ಮೇಲೆ ಇಳಿಯಿತು.
ಈಗಲೂ ನನಗೆ ಆ ಮೂರು ಕಾಣುತ್ತದೆ.

ಮೂರನೇ ಸುತ್ತಿನಲ್ಲಿ ನಾನು ಬಾಯಿ ತೆರೆಯುವ ಮೊದಲೇ
ಅವಳೇ ಶುರು ಮಾಡಿದಳು: "ಕಳೆದ ಎರಡು ವಾರಗಳಲ್ಲಿ..."
ನನ್ನದೇ ಪುಸ್ತಕದ ಕನ್ನಡ, ನನ್ನದೇ ರಾಗ.
ಇಪ್ಪತ್ತೆರಡೂ ಬಾಯಿಪಾಠ.
ಕರೆಂಟು ಹೋದ ರಾತ್ರಿ ಕಟ್ಟೆಯ ಮೇಲೆ
ಮೊಬೈಲಿನ ಬೆಳಕಲ್ಲಿ ದಾರ ತೆಗೆಯುತ್ತ
ಕೇಳುತ್ತಾರಂತೆ ಒಬ್ಬರನ್ನೊಬ್ಬರು,
ಮಾಬುನ್ನಿ ನೆಗೆಣ್ಣಿಯನ್ನು, ನೆಗೆಣ್ಣಿ ಅತ್ತೆಯನ್ನು.
ವಾಷಿಂಗ್ ಘಟಕದಿಂದ ಮೊಣಕೈತನಕ ನೀಲಿಯಾಗಿ ಬಂದ
ಗಾದಿಲಿಂಗನನ್ನೂ ಬಿಡಲಿಲ್ಲ:
ನಿನ್ನ ಮಾತು ಕೇಳುವವರು ಯಾರಾದರೂ ಇದ್ದಾರೆಯೇ?
ಒಂದರಿಂದ ಐದು, ಹೇಳಲೇ.
ಅವನು ನಕ್ಕನಂತೆ. ಆಮೇಲೆ ಗಾಡಿಯ ಸೀಟಿನ ಮೇಲೆ ಕೂತು
ಅರ್ಧ ತಾಸು ಏನೋ ಹೇಳಿದನಂತೆ.
ಏನೆಂದು ಎರ್ರೆಮ್ಮ ನನಗೆ ಹೇಳಲಿಲ್ಲ.
"ಅದು ನಿಮ್ಮ ಫಾರಂನಾಗ ಹಿಡಿಸಂಗಿಲ್ರಿ."

ಕಲಬೆರಕೆ, ಎಂದರು ಪ್ರೊಫೆಸರ್ ಫೋನಿನಲ್ಲಿ.
ನಿಯಂತ್ರಣ ಗುಂಪು ಕೆಟ್ಟಿದೆ, ಆ ಓಣಿಯನ್ನು ತೆಗೆದುಬಿಡಿ.
ಹತ್ತೊಂಬತ್ತು ಸಾಲು. ಅಳಿಸಲು ಒಂದೇ ಗುಂಡಿ.
ಅವರು ಕೆಟ್ಟವರಲ್ಲ, ಅವರ ಲೆಕ್ಕವೂ ನಿಜ:
ನೀರು ಬೆರೆತ ಹಾಲನ್ನು ಅಳೆದು
ಎಮ್ಮೆಯ ಬಗ್ಗೆ ಮಾತಾಡಲಾಗದು.
ವರದಿಯಲ್ಲಿ ಕೆಂಪು ಚೀಟಿಯವರು ತುಸು ಮೇಲೇರಿದ್ದಾರೆ.
ನನಗದು ಸಂತೋಷವೇ. ಉಸಿರು ಎಣಿಸುವುದು ಸುಳ್ಳಲ್ಲ,
ಸಿರುಗುಪ್ಪದ ಬಸ್ಸಿನಲ್ಲಿ ನಾನೂ ಎಣಿಸುತ್ತೇನೆ.
ಹತ್ತೊಂಬತ್ತು ಮಂದಿ ಅಡಿಟಿಪ್ಪಣಿಯಲ್ಲಿದ್ದಾರೆ,
ಸಣ್ಣ ಅಕ್ಷರದಲ್ಲಿ, ಹೆಸರಿಲ್ಲದೆ.

ಮಾರ್ಚಿಗೆ ನನ್ನ ಕೆಲಸ ಮುಗಿಯಿತು, ಮೂರು ತಿಂಗಳ ಸಂಬಳ ಬಾಕಿ.
ಕೊನೆಯ ಸಹಿಗಳಿಗೆ ಹೋದಾಗ
ಎರ್ರೆಮ್ಮ ಪ್ಯಾಂಟಿನ ರಾಶಿ ಸರಿಸಿ ಜಾಗ ಮಾಡಿದಳು.
ನನ್ನ ಕೈಯಿಂದ ಪೆನ್ಸಿಲ್ ತೆಗೆದುಕೊಂಡು
ಬೆವರಿಗೆ ಮೆತ್ತಗಾದ ಆ ಬಿಳಿ ಚೀಟಿಯನ್ನು
ತೊಡೆಯ ಮೇಲೆ ಬಿಡಿಸಿ
"ಈಗ ನೀವು ಹೇಳ್ರಿ" ಎಂದಳು.
"ಒಂಬತ್ತನೇದರಿಂದ ಶುರು ಮಾಡಾಣ."