ಡೆಕ್ ಏಳು

ಒಂಬತ್ತಕ್ಕೆ ಐದು ನಿಮಿಷವಿರುವಾಗ ಹಡಗು ತುರ್ಕು ಬಿಡುತ್ತದೆ.
ಹತ್ತೂವರೆಗೆ ರೈಮೊ ಹಾಡಬೇಕು, ಡೆಕ್ ಏಳರಲ್ಲಿ,
ಸುಂಕವಿಲ್ಲದ ಸೆಂಟಿನಂಗಡಿಗೂ ಜೂಜಿನ ಯಂತ್ರಗಳಿಗೂ ನಡುವೆ.
ಮಿಕ್ಸರ್ ಹಿಂದೆ ಕೂರುವವಳು ನಾನು.
ಬ್ಯಾಂಡ್ ಬಿಟ್ಟಾಗ ಅವನ ಹಿಂದೆ ಬಂದದ್ದು
ನಾನು, ಮತ್ತು ಮೂತಿ ನೆಗ್ಗಿದ ಒಂದು ಮೈಕು.

ಪಾಲಾದದ್ದು ಕೋವೊಲಾದ ರೈಲ್ವೆ ಹೋಟೆಲಿನಲ್ಲಿ.
ಯಾರೂ ಮುಟ್ಟದ ಮೀನಿನ ಸೂಪು ಆರುತ್ತಿತ್ತು.
ಬಸ್ಸು, ಹೊಗೆಯ ಯಂತ್ರ, ತೋಳದ ತಲೆಬುರುಡೆ,
ಮುಳ್ಳುಬೇಲಿಯಂಥ ಅಕ್ಷರಗಳ ಆ ಹೆಸರು,
ಎಲ್ಲಾ ಗಿಟಾರಿನ ಪೆನ್ನಾನೆನ್‌ಗೆ ಎಂದು ವಕೀಲೆ ಓದಿದಳು.
ಇಪ್ಪತ್ತೆರಡು ವರ್ಷ ಒಂದೇ ತಾಳಕ್ಕೆ ತಲೆ ಕೊಡವಿದವರು
ಒಬ್ಬರ ಮುಖ ಒಬ್ಬರು ನೋಡಲಿಲ್ಲ.
ಕಾರಿನ ಗಾಜಿನ ಮೇಲಿನ ಹಿಮ ಕೆರೆಯುತ್ತಾ ರೈಮೊ ಅಂದ,
ಹೆಸರು ಅವರಿಗೆ, ಉಸಿರು ನನಗೆ.
ಅಂದವನು ಎರಡು ನಿಮಿಷ ಕೆಮ್ಮಿದ.

ಸ್ವಂತದ್ದೊಂದು ಆಲ್ಬಮ್ ತಂದ.
ತಾಯಿ ಕಾಗದದ ಗಿರಣಿಯಲ್ಲಿ ಕಳೆದುಕೊಂಡ
ಎರಡು ಬೆರಳಿನ ಬಗ್ಗೆ ಒಂಬತ್ತು ಹಾಡು.
ಒಳ್ಳೆಯ ಹಾಡುಗಳು. ಇದನ್ನು ನಾನೇ ಹೇಳಬೇಕು, ಬೇರೆ ಯಾರೂ ಹೇಳಲಿಲ್ಲ.
ಮಾರಾಟವಾಗದ ಪೆಟ್ಟಿಗೆಗಳು ಅಕ್ಕನ ಸೌನಾದ ಪಕ್ಕದ ಕೋಣೆಯಲ್ಲಿ.
ಶನಿವಾರ ಶನಿವಾರ ಹಬೆ ತಾಗಿ
ಹೊದಿಕೆಯ ಮೇಲಿನ ಅವನ ಮುಖ ಉಬ್ಬುತ್ತಾ ಬಂತು.
ಆಮೇಲೆ ಹಡಗಿನವರ ಫೋನು:
ವಾರಕ್ಕೆ ನಾಲ್ಕು ರಾತ್ರಿ, ಊಟ, ಕಿಟಕಿಯಿಲ್ಲದ ಕ್ಯಾಬಿನ್.

ಇಲ್ಲಿ ಡ್ರಮ್ಮರ್ ಒಂದು ಲ್ಯಾಪ್‌ಟಾಪು.
ಅಲೆ ಎದ್ದ ರಾತ್ರಿ ಸ್ಟ್ಯಾಂಡು ಜಾರದಂತೆ
ಅದರ ಕಾಲಿಗೆ ಅಡುಗೆಮನೆಯ ಉಪ್ಪಿನ ಚೀಲ ಒರಗಿಸುತ್ತೇನೆ.
ನಿವೃತ್ತ ದಂಪತಿಗಳು ಅವನ ಹೊಸ ಹಾಡಿಗೆ ಕುಣಿಯುತ್ತಾರೆ
ನಿಧಾನಕ್ಕೆ, ಅಪ್ಪಿಕೊಂಡು, ಟ್ಯಾಂಗೋ ಎಂಬಂತೆ.
ಮೊದಮೊದಲು ಅವನಿಗೆ ಅವಮಾನ.
ಈಗ ತಾಳವನ್ನು ತುಸು ಇಳಿಸಿ ಕೊಡುತ್ತಾನೆ.
ಆದರೂ ಹಿಂದಿನಿಂದ ಯಾರೋ ಒಬ್ಬ, ಬಿಯರ್ ಎತ್ತಿ,
ಹಳೇದು! ಹಳೇದು!

ಹಳೆಯದರ ಕೊನೆಗೆ ಹನ್ನೊಂದು ಸೆಕೆಂಡಿನ ಚೀತ್ಕಾರವಿದೆ.
ತಾಂಪೆರೆಯ ವೈದ್ಯೆ ಗಂಟಲಿಗೆ ಕ್ಯಾಮೆರಾ ಇಳಿಸಿ ತೋರಿಸಿದ್ದಳು,
ಎರಡು ಬಿಳಿ ತಂತಿ, ಒಂದರ ಮೇಲೆ ಗಂಟು.
ಗಿಟಾರಾಗಿದ್ದರೆ ಎರಡು ಯೂರೋಗೆ ಹೊಸದು ಬಿಗಿಯಬಹುದಿತ್ತು, ಅಂದಿದ್ದ.
ಆ ಜಾಗ ಬಂದಾಗ ಮೈಕನ್ನು ಜನರತ್ತ ಚಾಚುತ್ತಾನೆ.
ನಾನು ಗುಂಡಿ ತಿರುಗಿಸಿ ಅವರ ಕೂಗನ್ನು ದೊಡ್ಡದು ಮಾಡುತ್ತೇನೆ.

ಫೆಬ್ರವರಿಯ ಒಂದು ರಾತ್ರಿ ಯಾರೂ ಕೂಗಲಿಲ್ಲ.
ಕೊನೇ ಮೇಜಿನಲ್ಲಿ ಹುಬ್ಬಿನವರೆಗೆ ಟೋಪಿ ಎಳೆದುಕೊಂಡ ಹುಡುಗ,
ಮುಂದೆ ಜೇನು ಹಾಕಿದ ಚಹಾ.
ಎಲಿಯೆಲ್. ಪೆನ್ನಾನೆನ್ ತಂದ ಹೊಸ ಕೊರಳು.
ಓಲಂಡಿನ ಬಂದರಲ್ಲಿ ಹಡಗು ನಿಂತಾಗ ಮೇಲಿನ ಡೆಕ್ಕಿಗೆ ಬಂದು,
ಕಂಬಿ ಹಿಡಿದು, ಪಿಸುಗುಟ್ಟಿದ,
ರಕ್ತ ಬರುತ್ತಿದೆ. ಉಸಿರು ಎಲ್ಲಿಂದ ತೆಗೆಯುತ್ತಿದ್ದಿರಿ?

ಬೈಯಬಹುದಿತ್ತು. ನಾನಾಗಿದ್ದರೆ ಬೈಯುತ್ತಿದ್ದೆ.
ರೈಮೊ ಕೋಟು ಎತ್ತಿ, ಹುಡುಗನ ಕೈ ಎಳೆದು
ತನ್ನ ಸೊಂಟದ ಹಿಂದೆ, ಮೂಳೆಯ ಪಕ್ಕ, ಇಟ್ಟುಕೊಂಡ.
ಥಣ್ಣಗಿದೆಯಲ್ಲೋ, ಅಂದ.
ಆಮೇಲೆ ಸದ್ದಿಲ್ಲದೆ ಬಾಯಿ ತೆರೆದ.
ಹನ್ನೊಂದು ಸೆಕೆಂಡು, ಎಣಿಸಿದೆ.
ಮಂಜುಗಡ್ಡೆ ಹಡಗಿನ ಪಕ್ಕೆಗೆ ತಿಕ್ಕುವುದೊಂದು ಬಿಟ್ಟರೆ ಏನೂ ಕೇಳಲಿಲ್ಲ.
ಹುಡುಗನ ಮುಖ ಮಾತ್ರ ಬದಲಾಗುತ್ತಾ ಹೋಯಿತು.

ಬೆಳಗ್ಗೆ ಸ್ಟಾಕ್‌ಹೋಮಿನಲ್ಲಿ ಇಳಿದುಹೋದ.
ಸಿಬ್ಬಂದಿಗೆ ತಿಂಡಿ ಆರೂವರೆಯವರೆಗೆ ಮಾತ್ರ, ನಾವು ಓಡಿದೆವು.
ರಾತ್ರಿ, ಜನ ಬರುವ ಮುಂಚೆ,
ಒನ್ ಟೂ ಎಂದು ಮೈಕಿಗೆ ಹೇಳುತ್ತಿದ್ದ ರೈಮೊ ನಡುವೆ ನಿಲ್ಲಿಸಿದ:
ನನ್ನ ಕಡೆಯ ಸ್ಪೀಕರಿನಲ್ಲಿ ನನ್ನನ್ನು ಸ್ವಲ್ಪ ಇಳಿಸು,
ಜಾಸ್ತಿ ಕೇಳಿಸುತ್ತಿದ್ದೇನೆ.